ನೆರೆ ಬರುವ ಮುಂಚೆ ಪಶುವೈದ್ಯ ಸಿಬ್ಬಂದಿಗೆ ಏನು ಕಲಿಸಬೇಕು?

ಪ್ರಶ್ನೆ (ಪಶುವೈದ್ಯಾಧಿಕಾರಿ, ನರಗುಂದ ತಾಲೂಕು):
ಸರ್, ನಮಸ್ಕಾರ. ನಾನು ಈ ಕಡೆ ಹೊಸಬ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೊಣ್ಣೂರು, ಲಖಮಾಪುರದ ಪಾಡು ಏನಾಗುತ್ತದೆ ಅಂತ ಊರ ಹಿರಿಯರು 2009ರ, 2019ರ ನೆರೆಯ ಕಥೆ ಹೇಳುತ್ತಿರುತ್ತಾರೆ. ಕಾಲೇಜಿನಲ್ಲಿ ಚಿಕಿತ್ಸೆ ಕಲಿತೆವು, ನೆರೆಯಲ್ಲಿ ಕೆಲಸ ಮಾಡುವುದನ್ನು ಕಲಿಯಲಿಲ್ಲ. ಮಳೆಗಾಲಕ್ಕೆ ಮುಂಚೆ ನಮ್ಮ ಸಿಬ್ಬಂದಿಗೆ ಒಂದು ದಿನದ ತರಬೇತಿ ಇಡಬೇಕೆಂದಿದ್ದೇನೆ. ಎಲ್ಲಿಂದ ಸುರು ಮಾಡಲಿ?

ಉತ್ತರ (ನಿವೃತ್ತ ಪಶುವೈದ್ಯರು, ಧಾರವಾಡ):
ಔಷಧದಿಂದ ಸುರು ಮಾಡಬೇಡಿ ಡಾಕ್ಟ್ರೇ, ಅದು ನಿಮ್ಮವರಿಗೆ ಗೊತ್ತಿದೆ. ಮೊದಲ ತಾಸಿನಲ್ಲಿ ಯಾರ ಮಾತು ಕೇಳಬೇಕು, ಎಲ್ಲಿಗೆ ಕಾಲಿಡಬಾರದು ಎನ್ನುವುದನ್ನು ಮೊದಲು ಹೇಳಿಕೊಡಿ.

ನೆರೆ ಬಂದ ಊರಲ್ಲಿ ಕಂದಾಯ, ಪೊಲೀಸ್, ಅಗ್ನಿಶಾಮಕ, ಪಂಚಾಯತಿ ಎಲ್ಲರೂ ಸೇರಿರುತ್ತಾರೆ. ಒಬ್ಬೊಬ್ಬರು ಒಂದೊಂದು ಹೇಳಿದರೆ ನಮ್ಮ ಹುಡುಗರು ಯಾವುದನ್ನು ಕೇಳಬೇಕು? 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳಲ್ಲಿ ಇದೇ ಗೊಂದಲವಾಗಿ, ಅಲ್ಲಿನವರು ಇನ್ಸಿಡೆಂಟ್ ಕಮಾಂಡ್ ಪದ್ಧತಿ ಕಟ್ಟಿದರು. ಕೆಲಸದಲ್ಲಿರುವ ಪ್ರತಿಯೊಬ್ಬನಿಗೂ ಒಬ್ಬನೇ ಮೇಲಧಿಕಾರಿ, ಇದು ಅದರ ತಿರುಳು. ನಮ್ಮ ದೇಶಕ್ಕೆ ಹೊಂದುವಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದರ ಮಾರ್ಗಸೂಚಿ ತಂದಿದೆ. ಜಿಲ್ಲೆಯಲ್ಲಿ ಡಿಸಿಯವರೇ ಹೊಣೆ. ನಿಮ್ಮ ತಾಲೂಕಿನ ತಂಡದಲ್ಲಿ ಪಶುವೈದ್ಯರ ಜಾಗ ಯಾವುದು, ಯಾರಿಗೆ ವರದಿ ಕೊಡಬೇಕು ಅಂತ ತಹಶೀಲ್ದಾರರ ಹತ್ತಿರ ಕೂತು ಈಗಲೇ ಬರೆಸಿಕೊಳ್ಳಿ. ಜಿಲ್ಲಾ ಕಂಟ್ರೋಲ್ ರೂಮಿನ 1077, ಪಶು ಆಂಬ್ಯುಲೆನ್ಸಿನ 1962 ಎರಡೂ ಎಲ್ಲರ ಫೋನಿನಲ್ಲಿರಲಿ.

ಎರಡನೆಯದನ್ನು ಗಟ್ಟಿಯಾಗಿ ಹೇಳಿ: ನಮ್ಮವರು ಹರಿಯುವ ನೀರಿಗೆ ಇಳಿಯಕೂಡದು. ಮೊಣಕಾಲುದ್ದದ ನೀರೂ ಸೆಳವಿದ್ದರೆ ಆಳನ್ನು ಕೆಡವುತ್ತದೆ. ಅದು ಬೋಟು, ಲೈಫ್ ಜಾಕೆಟ್ ಇರುವ ತರಬೇತಾದ ತಂಡದ ಕೆಲಸ. ಎಮ್ಮೆ ಕೂಗುತ್ತಿದ್ದರೆ ಮನಸ್ಸು ತಡೆಯುವುದಿಲ್ಲ, ನಿಜ. ಆದರೆ ಡಾಕ್ಟರನ್ನೇ ಹುಡುಕುವ ಹಾಗಾದರೆ ಆ ಊರಿನ ಉಳಿದ ದನಗಳನ್ನು ನೋಡುವವರು ಯಾರು?

ನಮ್ಮ ಕೆಲಸ ನೀರು ಬರುವುದಕ್ಕೆ ಮುಂಚಿನದು. ಕಟ್ಟಿದ ದನ ಈಜಲಾರದು. ರಾತ್ರಿ ನೀರು ನುಗ್ಗಿದಾಗ ಬಿಗಿದ ಕಣ್ಣಿ ಬಿಚ್ಚಲು ಬರುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚುವ ಗಂಟನ್ನು ಮನೆಮನೆಯಲ್ಲಿ ಹಾಕಿಸಿ ನೋಡಿ. ಎತ್ತರದ ಜಾಗ ಯಾವುದು, ಅಲ್ಲಿಗೆ ಯಾವ ಓಣಿಯ ದನ ಯಾವ ದಾರಿಯಿಂದ ಹೋಗಬೇಕು ಅಂತ ಊರವರ ಬಾಯಿಂದಲೇ ಹೇಳಿಸಿ. ಮುನ್ನೆಚ್ಚರಿಕೆ ಬಂದಾಗ ಗಬ್ಬದ ದನ, ಕರುಗಳು, ಕುರಿಗಳು ಮೊದಲು ಹೊರಡಲಿ. ಉಣ್ಣೆ ತೊಯ್ದ ಕುರಿ ಭಾರವಾಗಿ ಬೇಗ ಸೋಲುತ್ತದೆ.

ಇನ್ನು ನಿಮ್ಮದು ಎರೆಮಣ್ಣಿನ ಸೀಮೆ. ನೀರು ಇಳಿದ ಮೇಲೆ ರಾಡಿಯಲ್ಲಿ ಹುಗಿದ ದನಗಳ ಕರೆ ಬರುತ್ತದೆ. ಕೊರಳಿಗೋ ಕೋಡಿಗೋ ಬಾಲಕ್ಕೋ ಹಗ್ಗ ಹಾಕಿ ಟ್ರ್ಯಾಕ್ಟರಿನಿಂದ ಜಗ್ಗಿದರೆ ಎಲುಬು ಮುರಿಯುತ್ತದೆ, ಉಸಿರು ಕಟ್ಟುತ್ತದೆ. ಮೊದಲು ಕಾಲಿನ ಸುತ್ತ ಮಣ್ಣು ಕೆದರಿ, ನೀರು ಹಾಯಿಸಿ ಮಣ್ಣಿನ ಹಿಡಿತ ಬಿಡಿಸಬೇಕು. ಮುಂಗಾಲಿನ ಹಿಂದೆ, ಎದೆಯ ಸುತ್ತ ಅಗಲ ಪಟ್ಟಿ ಹಾಕಿ ನಿಧಾನವಾಗಿ ಎಳೆಯಬೇಕು. ಅಗ್ನಿಶಾಮಕದವರು ಬಿಟ್ಟ ಹಳೆ ಹೋಸ್ ಪೈಪು ಈ ಪಟ್ಟಿಗೆ ಬಹಳ ಚಲೋ. ಹೊರಬಂದ ದನವನ್ನು ಒಂದೇ ಮಗ್ಗುಲಿಗೆ ಮಲಗಲು ಬಿಡದೆ ಎದೆಯ ಮೇಲೆ ಕೂರಿಸಿ, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ. ತರಬೇತಿಯ ಅರ್ಧ ದಿನವನ್ನು ಇದೊಂದಕ್ಕೇ ಕೊಟ್ಟರೂ ಹೆಚ್ಚಲ್ಲ.

ಪ್ರಶ್ನೆ (ಪಶು ಸಖಿ, ಹಾನಗಲ್ಲ ತಾಲೂಕು):
ಸರ್, ವರದಾ ನದಿ ಬಂದಾಗ ದನ ತಂದು ಕಟ್ಟಿದಲ್ಲಿ ಜನ ಅನ್ನ, ರೊಟ್ಟಿ ತಂದು ಸುರುವತಾರ್ರಿ. ಹಸದಾವ ಪಾಪ, ಬ್ಯಾಡ ಅನ್ನಾಕ ಬಾಯಿ ಬರೂದಿಲ್ರಿ. ಹಾಕಿದ್ರ ಏನರ ಆಗತೈತೇನ್ರಿ?

ಉತ್ತರ:
ಆಗುತ್ತದೆ ತಂಗೀ, ಸತ್ತೂ ಹೋಗಬಹುದು. ಹಸಿದ ದನ ಒಮ್ಮೆಲೆ ಅನ್ನ, ಜೋಳ ತಿಂದರೆ ಹೊಟ್ಟೆಯಲ್ಲಿ ಹುಳಿಯೇರಿ ಮೆಲುಕು ನಿಲ್ಲುತ್ತದೆ. ಹುಳಿ ವಾಸನೆಯ ತೆಳ್ಳನೆ ಸಗಣಿ ಹಾಕಿ, ಒಂದು ದಿನದೊಳಗೆ ನೆಲ ಹಿಡಿಯಬಹುದು. ಮೊದಲು ಭತ್ತದ ಹುಲ್ಲೋ ಜೋಳದ ಕಣಕಿಯೋ (ಒಣ ದಂಟು) ಕೊಟ್ಟು ಶುದ್ಧ ನೀರು ಇಡಿ. ಒಂದು ದೊಡ್ಡ ದನಕ್ಕೆ ದಿನಕ್ಕೆ 40ರಿಂದ 60 ಲೀಟರ್ ನೀರು ಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಆಗಲೇ ತಿಂದುಬಿಟ್ಟಿದ್ದರೆ ದನ ಮಲಗುವವರೆಗೆ ಕಾಯದೆ ಡಾಕ್ಟರಿಗೆ ಹೇಳಿ. ಮಲಗಿದ ದನಕ್ಕೆ ಎಣ್ಣೆ, ಕಷಾಯ ಗೊಟ್ಟದಲ್ಲಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅನ್ನ ತಂದವರಿಗೆ ಬರೀ ಬೇಡ ಅಂದರೆ ನೊಂದುಕೊಳ್ಳುತ್ತಾರೆ, ನೀರಿನ ಟ್ಯಾಂಕರ್, ಒಣ ಮೇವು ತರಿಸಿಕೊಡಿ ಅನ್ನಿ.

ಪ್ರಶ್ನೆ (ಪಶುವೈದ್ಯಕೀಯ ಪರೀಕ್ಷಕ, ರೋಣ ತಾಲೂಕು):
ಸರ್, ನೀರು ಇಳಿದ ಮೇಲೆ ಸತ್ತ ದನಗಳಿಗೆಲ್ಲ ಪರಿಹಾರಕ್ಕಾಗಿ ಪೋಸ್ಟ್‌ಮಾರ್ಟಂ ಮಾಡಿ ಅಂತ ಒತ್ತಾಯ ಬರುತ್ತದೆ. ಎಲ್ಲವನ್ನೂ ಕೊಯ್ಯಬೇಕೇ?

ಉತ್ತರ:
ಬೇಡ. ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಚಾಕು ಮುಟ್ಟಬೇಡಿ. ಅದು ನೆರಡಿ (ಆಂಥ್ರಾಕ್ಸ್) ಇರಬಹುದು. ಕೊಯ್ದರೆ ರೋಗಾಣು ಗಾಳಿಗೆ ತೆರೆದು ಬೀಜಕವಾಗಿ, ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಡಾಕ್ಟರು ಬಂದು ಕಿವಿಯ ನರದಿಂದ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿಕೊಂಡರೆ ಪರೀಕ್ಷೆಗೆ ಸಾಕು. ಚರ್ಮ ಸುಲಿಯಲು ಯಾರಿಗೂ ಬಿಡದೆ, ಬಾವಿ, ಹಳ್ಳದಿಂದ ದೂರ ಆರು ಅಡಿ ಆಳದಲ್ಲಿ ಸುಣ್ಣ ಹಾಕಿ ಹುಗಿಸಿ.

ರೈತರ ಪರಿಹಾರವೂ ತಪ್ಪಬಾರದು. 2022ರಿಂದ 2026ರ ಅವಧಿಯ ರಾಜ್ಯ ವಿಪತ್ತು ಸ್ಪಂದನಾ ನಿಧಿಯ, ಅಂದರೆ ಎಸ್‌ಡಿಆರ್‌ಎಫ್ ಮಾನದಂಡದಲ್ಲಿ ಹಾಲು ಕೊಡುವ ಎಮ್ಮೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ, ಆಡಿಗೆ 4,000 ಇದೆ. ಒಂದು ಮನೆಗೆ ಇಷ್ಟೇ ಎಂಬ ಮಿತಿಯೂ ಇದೆ. ಹುಗಿಯುವ ಮುಂಚೆ 12 ಅಂಕಿಯ ಕಿವಿಯೋಲೆ ಕಾಣುವಂತೆ ಫೋಟೋ ತೆಗೆದು, ತಲಾಟಿಯವರನ್ನು (ಗ್ರಾಮ ಆಡಳಿತಾಧಿಕಾರಿ) ಕರೆಸಿ ಪಂಚನಾಮೆ ಮಾಡಿಸಿ. ಓಲೆ ಇಲ್ಲದ ದನಗಳಿಗೆ ಈಗಲೇ ಹಾಕಿಸಿ.

ನಿಮ್ಮ ಮೈ ಕಡೆಗೂ ನೋಡಿಕೊಳ್ಳಿ. ರೇಬೀಸ್ ಮುಂಜಾಗ್ರತಾ ಲಸಿಕೆ, ಧನುರ್ವಾಯು ಚುಚ್ಚುಮದ್ದು ಮೊದಲೇ ಆಗಿರಲಿ. ರಾಡಿ ನೀರಿನಲ್ಲಿ ಇಲಿಜ್ವರದ ಭಯವಿದೆ. ಗಂಬೂಟು, ಗ್ಲೌಸು ಇಲ್ಲದೆ ಹೋಗಬೇಡಿ, ಆಮೇಲೆ ಜ್ವರ ಬಂದರೆ ನೆರೆ ಕೆಲಸಕ್ಕೆ ಹೋಗಿದ್ದೆ ಅಂತ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಿ.

ಪ್ರಶ್ನೆ (ನರಗುಂದದ ಪಶುವೈದ್ಯಾಧಿಕಾರಿ, ಮತ್ತೆ):
ತುಂಬಾ ಉಪಕಾರವಾಯಿತು ಸರ್. ತರಬೇತಿಯನ್ನು ತಾಲೂಕು ಪಂಚಾಯತಿ ಸಭಾಂಗಣದಲ್ಲಿ ಇಡಲೇ?

ಉತ್ತರ:
ಹೊಳೆದಂಡೆಯ ಊರಲ್ಲೇ ಇಡಿ, ಮೇ ತಿಂಗಳಲ್ಲಿ. ಅಗ್ನಿಶಾಮಕದವರು, ಪಿಡಿಓ, ತಲಾಟಿ, ಹಾಲಿನ ಸಂಘದ ಕಾರ್ಯದರ್ಶಿ, ಕುರಿ ಕಾಯುವವರು ಬರಲಿ. ಗದಗ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನೂ ಕರೆಯಿರಿ, ನೀವು ಕಲಿಯದೇ ಹೋದದ್ದನ್ನು ಅವರಾದರೂ ಕಲಿಯಲಿ. ಅದೇ ದಿನ ದನಗಳಿಗೆ ಗಳಲೆ (ಗಂಟಲು ಬೇನೆ), ಚಪ್ಪೆ ರೋಗದ ಲಸಿಕೆಯೂ ಆಗಿಬಿಡಲಿ. ಲಸಿಕೆಯ ಬಲ ಮೈಗೆ ಬರಲು ಎರಡು ಮೂರು ವಾರ ಬೇಕು, ನೀರು ಬಂದ ಮೇಲೆ ಹಾಕಿದರೆ ತಡವಾಗುತ್ತದೆ. ದಿನದ ಕಾರ್ಯಕ್ರಮ ಬರೆದು ಇಲ್ಲಿ ಹಾಕಿ, ನಾನೂ ನೋಡುತ್ತೇನೆ.