ಬ್ಲಾಗಿಗೆ ಜನ ಬರ್ಲಿಕ್ಕೆ ಎಂತ ಮಾಡ್ಬೇಕು?

ಪ್ರಶ್ನೆ: ನಮಸ್ಕಾರ ಸರ್, ನಮ್ಮದು ಕಟಪಾಡಿ ಹತ್ರ. ಮೂರು ವರ್ಷದಿಂದ ನಮ್ಮ ಕಡೆಯ ಅಡಿಗೆ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೀತಾ ಇದ್ದೇನೆ, 140 ಪೋಸ್ಟ್ ಆಯ್ತು. ವಾಟ್ಸಾಪಲ್ಲಿ ಲಿಂಕ್ ಹಾಕಿದ ದಿನ ನೂರು ಜನ ಬರ್ತಾರೆ, ಮರುದಿನ ಹತ್ತು ಜನವೂ ಇಲ್ಲ. ದಿನಕ್ಕೊಂದು ಬರೆದ್ರೆ ಜಾಸ್ತಿ ಆಗ್ತದಾ? ಒಬ್ರು 3,000 ರೂಪಾಯಿಗೆ 500 ಬ್ಯಾಕ್‌ಲಿಂಕ್ (ಬೇರೆ ಸೈಟಿಂದ ನಮ್ಮ ಬ್ಲಾಗಿಗೆ ಬರುವ ಲಿಂಕ್) ಮಾಡಿ ಕೊಡ್ತೇನೆ ಅಂತಿದ್ದಾರೆ, ತಗೊಳ್ಳುದಾ? ಬ್ಲಾಗ್ ಲಿಂಕ್ ಇನ್‌ಬಾಕ್ಸಿಗೆ ಹಾಕಿದ್ದೇನೆ.

ಉತ್ತರ: ಅಕ್ಕ, ಮೊದ್ಲು ಆ 3,000 ಕೊಡ್ಬೇಡಿ. ದುಡ್ಡು ಕೊಟ್ಟು ಲಿಂಕ್ ಮಾಡಿಸುದು ಗೂಗಲ್ ನಿಯಮದ ಪ್ರಕಾರವೇ ಸ್ಪ್ಯಾಮ್, ಸಿಕ್ಕಿಬಿದ್ರೆ ಗೂಗಲ್ ಸರ್ಚಲ್ಲಿ ಇರುವ ಜಾಗವೂ ಹೋಗ್ತದೆ. ದಿನಕ್ಕೊಂದು ಬರೆಯುದೂ ಬೇಡ, ಇರುವ 140 ಸಾಕಷ್ಟಾಯ್ತು, ಅದನ್ನೇ ಸರಿ ಮಾಡುವ.

ನಿಮ್ಮ ಬ್ಲಾಗ್ ತೆಗೆದು ನೋಡ್ದೆ. "ಮಳೆಗಾಲದ ನೆನಪುಗಳು – 14" ಅಂತ ಒಂದು ಪೋಸ್ಟ್ ಉಂಟಲ್ಲ, ಐದು ಪ್ಯಾರಾ ಮಳೆ, ತೋಡು, ಅಜ್ಜಿಮನೆ, ಆಮೇಲೆ ಆರನೇ ಪ್ಯಾರಾದಲ್ಲಿ ಪತ್ರೊಡೆ, ಅದ್ರಲ್ಲಿ ಹುಳಿ ಕಮ್ಮಿ ಆದ್ರೆ ಗಂಟಲು ತುರಿಸ್ತದೆ ಅಂತ ಎಷ್ಟು ಚಂದ ಬರ್ದಿದ್ದೀರಿ! ಆದ್ರೆ ಕೆಸುವಿನೆಲೆ ಕೊಯ್ದು ತಂದು ಅಡಿಗೆಮನೆಯಲ್ಲಿ ನಿಂತ ಹುಡುಗಿ ಹುಡುಕುದು "ಪತ್ರೊಡೆ ತುರಿಸದ ಹಾಗೆ ಹೇಗೆ ಮಾಡುದು" ಅಂತ, ಮಳೆಗಾಲದ ನೆನಪು ಅಂತಲ್ಲ. ಟೈಟಲ್ಲಲ್ಲಿ ಪತ್ರೊಡೆ ಬರ್ಬೇಕು, ತುರಿಕೆ ವಿಷಯ ಮೊದಲ ಪ್ಯಾರಾಕ್ಕೆ ಬರ್ಬೇಕು. ಅಜ್ಜಿಮನೆ ತೆಗೀಬೇಡಿ ಆಯ್ತಾ, ಕೆಳಗೆ ಇರ್ಲಿ, ಅದಿಲ್ಲದಿದ್ರೆ ನಿಮ್ಮ ಬ್ಲಾಗೇ ಅಲ್ಲ ಅದು.

ಗೂಗಲ್ ಸರ್ಚ್ ಕನ್ಸೋಲ್ ಅಂತ ಉಂಟು, ಫ್ರೀ, ಬ್ಲಾಗ್ ಸೇರಿಸಿ ಎರಡು ಮೂರು ವಾರ ಬಿಟ್ಟು ನೋಡಿ, ಜನ ಎಂತ ಟೈಪ್ ಮಾಡಿದಾಗ ನಿಮ್ಮ ಪೇಜ್ ಕಾಣಿಸಿತು, ಎಷ್ಟು ಜನ ಒತ್ತಿದ್ರು ಎಲ್ಲ ತೋರಿಸ್ತದೆ, 16 ತಿಂಗಳ ಲೆಕ್ಕ ಇಡ್ತದೆ. ಇಂಪ್ರೆಶನ್ (ಸರ್ಚಲ್ಲಿ ಕಾಣಿಸಿದ ಲೆಕ್ಕ) ಜಾಸ್ತಿ ಇದ್ದು ಕ್ಲಿಕ್ ಕಮ್ಮಿ ಇರುವ ಪೋಸ್ಟ್ ಮೊದ್ಲು ಹಿಡೀರಿ, ಜನ ಬಾಗಿಲವರೆಗೆ ಬಂದು ವಾಪಸ್ ಹೋಗುದು ಅಲ್ಲೇ.

ಮತ್ತೆ ಫೋಟೋ. ಮೊಬೈಲಲ್ಲಿ ತೆಗೆದದ್ದನ್ನು ಹಾಗೇ ಹಾಕಿದ್ದೀರಿ, ಒಂದೊಂದು 4-5 ಎಂಬಿ, ನನಗೇ ಓಪನ್ ಆಗ್ಲಿಕ್ಕೆ ಹೊತ್ತಾಯ್ತು. 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಫೋಟೋ ಸೈಜ್ ಕಮ್ಮಿ ಮಾಡುವ ಫಾರ್ಮ್ಯಾಟ್) ಮಾಡಿ ಹಾಕಿ.

ಪ್ರಶ್ನೆ: ತುಂಬಾ ಉಪಕಾರ ಸರ್. ಹಳೇ ಪೋಸ್ಟ್ ತಿದ್ದಿದ್ರೆ ತೊಂದ್ರೆ ಇಲ್ವಾ? ಮತ್ತೆ ಹೊಸದು ಬರೆಯುದೇ ಬೇಡ್ವಾ?

ಉತ್ತರ: ತಿದ್ದಿ ಅಕ್ಕ, ಧೈರ್ಯವಾಗಿ. ಪೋಸ್ಟಿನ ವಿಳಾಸ ಮಾತ್ರ ಬದಲಿಸ್ಬೇಡಿ, ಯುಆರ್‌ಎಲ್ ಬದಲಾದ್ರೆ ಮೊದ್ಲು ಯಾರೆಲ್ಲ ಲಿಂಕ್ ಹಾಕಿದ್ರೋ ಎಲ್ಲ ಮುರೀತದೆ. ಹೊಸದು ತಿಂಗಳಿಗೆ ಎರಡು ಸಾಕು, ಸೀಸನಿಗೆ ಮುಂಚೆ. ನಮ್ಮ ತುಳು ತಿಂಗಳು ಆಟಿ ಶುರುವಾಗುದು ಜುಲೈ ನಡುವಿಗೆ, ಆಟಿ ಅಡಿಗೆ ಜೂನ್ ಮೊದಲ ವಾರವೇ ಹಾಕಿ, ಗೂಗಲಿಗೂ ಸಮಯ ಬೇಕಲ್ಲ.

ಮತ್ತೆ ನೀವು ಕಟಪಾಡಿಯವ್ರು, ಮಟ್ಟು ಅಲ್ಲೇ ಪಕ್ಕ. 2011ರಲ್ಲಿ ಜಿಐ (ಊರಿನ ಹೆಸರಿನ ಬೆಳೆಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದ ಮಟ್ಟುಗುಳ್ಳ, ಅಂದ್ರೆ ಮಟ್ಟುವಿನ ಬದನೆ ಬಗ್ಗೆ ಬೆಂಗ್ಳೂರಲ್ಲಿ ಕೂತು ಬರೆಯುವವ್ರು ಗದ್ದೆ ನೋಡಿರುದಿಲ್ಲ. ನೀವು ಒಂದು ಬೆಳಿಗ್ಗೆ ಹೋಗಿ, ಒಳ್ಳೆ ಗುಳ್ಳ ಗುರುತಿಸುದು ಹೇಗೆ ಅಂತ ಬೆಳೆಯುವವ್ರ ಹತ್ರವೇ ಕೇಳಿ, ತೊಟ್ಟಿನ ಮುಳ್ಳು ಕಾಣುವ ಹಾಗೆ ಹತ್ರದಿಂದ ಫೋಟೋ ತೆಗೆದು ಹಾಕಿ, ಆ ಪೋಸ್ಟಿಂದ ನಿಮ್ಮ ಗುಳ್ಳದ ಹುಳಿ ಪೋಸ್ಟಿಗೆ ಲಿಂಕ್ ಕೊಡಿ. ಹಾಕಿದ್ಮೇಲೆ ಇಲ್ಲೇ ಹೇಳಿ, ನಾನೂ ಓದ್ತೇನೆ.