ಬಳ್ಳಾರಿ ಬಿಸಿಲಿನಾಗ ಶುಂಠಿ ಬಿಯರ್: ಬಾಟ್ಲಿ ಫ್ರಿಜ್ಜಿಗೆ ಯಾವಾಗ?

(ಮಾತಾಡೋರ ಹೆಸರಿನ ಬದಲು ಅವರ ಊರು, ಬೀದಿ ಹೆಸರು ಹಾಕಿದೆ.)

ಕೌಲ್ ಬಜಾರ್: ಮನೇಲಿ ಬಿಯರ್ ಮಾಡೋದು ಕಲೀಬೇಕು. ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸು (ಬಿಯರಿಗೆ ಕಹಿ ಕೊಡೋ ಹೂವು) ತರಿಸಿದ್ರೆ ಸಾಕಾ? ಮೇ ತಿಂಗಳ 42 ಡಿಗ್ರಿಯಲ್ಲಿ ಆಗುತ್ತಾ?

ಸಿಂಧನೂರು: ಮಾಲ್ಟ್ ತರಿಸಬ್ಯಾಡ್ರಿ. ಲೈಸೆನ್ಸ್ ಇಲ್ಲದ ಬಿಯರ್ ತಯಾರಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಶುಂಠಿ ಬಿಯರ್ ಹಿಡೀರಿ, ಶುಂಠಿ-ಸಕ್ಕರೆ ನೀರು ಹುದುಗಿಸಿ ಮಾಡೋ ಗ್ಯಾಸಿನ ಪಾನೀಯ. ಈಸ್ಟು (ಸಕ್ಕರೆ ತಿಂದು ಗ್ಯಾಸು, ಆಲ್ಕೋಹಾಲ್ ಮಾಡೋ ಸೂಕ್ಷ್ಮಜೀವಿ), ಸಕ್ಕರೆ, ಸ್ವಚ್ಛತೆ, ಗ್ಯಾಸಿನ ಒತ್ತಡ, ಬಿಯರಿನಾಗ ಕಲಿಯೋದೂ ಇವೇ.

ಮೊದಲು ಹೆಪ್ಪು, ಅಂದ್ರ ಈಸ್ಟ್ ಬೆಳೆಸೋ ನೀರು. ಅರ್ಧ ಲೀಟರ್ ನೀರು, ಸಿಪ್ಪೆ ಸಮೇತ ತುರಿದ ಹಸಿಶುಂಠಿ 2 ಚಮಚ, ಸಕ್ಕರೆ 2 ಚಮಚ. ಸಿಪ್ಪೆ ತೆಗೀಬ್ಯಾಡ್ರಿ, ಈಸ್ಟ್ ಇರೋದೇ ಅಲ್ಲಿ. ಬಾಯಿಗೆ ಬಟ್ಟೆ ಕಟ್ಟಿ ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕ್ರಿ. ಬ್ಯಾಸಗಿಯೊಳಗ ಎರಡು ದಿನಕ್ಕ ನೊರೆ ಬರತದ, ಚಳಿಗಾಲದಾಗ ನಾಕೈದು ದಿನ. ನಳದ ನೀರಾದ್ರ ಕುದಿಸಿ ಆರಿಸ್ರಿ. ಕ್ಲೋರಿನ್ ಇದ್ರ ಹೆಪ್ಪು ಏಳಂಗಿಲ್ಲ.

ಗವಿಮಠ ರಸ್ತೆ: ಮುಂದಿನ ಅಳತೆ ನಾನು ಬರೀತೀನಿ. 100 ಗ್ರಾಂ ಶುಂಠಿ ಜಜ್ಜಿ ಒಂದು ಲೀಟರ್ ನೀರಲ್ಲಿ 15 ನಿಮಿಷ ಕುದಿಸಿ ಸೋಸಿ. ಅದಕ್ಕೆ 200 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ ಹಾಕಿ, ತಣ್ಣೀರು ಸೇರಿಸಿ ಎರಡು ಲೀಟರ್ ಮಾಡಿ. 35 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ 120 ಮಿಲಿ ಸೋಸಿದ ಹೆಪ್ಪು. ಬಾಟ್ಲಿಗೆ ತುಂಬಿ 24 ತಾಸು ಬಿಟ್ಟು ಫ್ರಿಜ್ಜಿಗೆ. ಅಷ್ಟೇ.

ಗಂಗಾವತಿ: "24 ತಾಸು" ಅನ್ನೋದೇ ತಪ್ಪು. ಅದು 25 ಡಿಗ್ರಿಯ ಊರಿನ ಲೆಕ್ಕ. ಗ್ಲಾಸಿನ ಬಾಟ್ಲಿ ಸಿಡಿಯೋದು ಇಂಥ ಲೆಕ್ಕದಿಂದಲೇ. ನಿಮ್ಮ ಅಳತೆಯಲ್ಲಿ ಲೀಟರಿಗೆ 100 ಗ್ರಾಂ ಸಕ್ಕರೆ ಇದೆ. ಈಸ್ಟ್ ಅದನ್ನು ಪೂರ್ತಿ ತಿಂದರೆ ಸುಮಾರು 50 ಗ್ರಾಂ ಗ್ಯಾಸ್. ಅಂಗಡಿಯ ಕೂಲ್ ಡ್ರಿಂಕ್ಸಿನಲ್ಲಿ ಇರೋದು ಲೀಟರಿಗೆ 7–8 ಗ್ರಾಂ.

ಸಿಂಧನೂರು: ಅದಕ್ಕ ತಾಸು ಎಣಿಸದ ಬಾಟ್ಲಿ ಹಿಚುಕಿ ನೋಡಬೇಕು. ಕೂಲ್ ಡ್ರಿಂಕ್ಸಿನ ಪ್ಲಾಸ್ಟಿಕ್ ಬಾಟ್ಲಿ, ತಳದಾಗ ಐದು ಕಾಲು ಇರ್ತಾವಲ್ಲ, ಅದೇ ಬೇಕು. ಕುಡಿಯೋ ನೀರಿನ ತೆಳು ಬಾಟ್ಲಿ ಒತ್ತಡಕ್ಕ ಮಾಡಿದ್ದಲ್ಲ. ನಾಕು ಬೆರಳು ಜಾಗ ಬಿಡ್ರಿ. ಕಲ್ಲಿನಂಗ ಗಟ್ಟಿ ಆತು ಅಂದ್ರ ಫ್ರಿಜ್ಜಿಗೆ.

ಗಂಗಾವತಿ: ಬಿಸಿಲಲ್ಲಿ ಅದೂ ಮೋಸ ಮಾಡುತ್ತೆ. ಬಿಸಿ ನೀರಲ್ಲಿ ಗ್ಯಾಸ್ ಕರಗಿ ನಿಲ್ಲಲ್ಲ, ಮೇಲಿನ ಖಾಲಿ ಜಾಗಕ್ಕೆ ಬಂದು ಬಾಟ್ಲಿ ಬೇಗ ಗಟ್ಟಿಯಾಗುತ್ತೆ. ಫ್ರಿಜ್ಜಿಗಿಟ್ಟರೆ ಮತ್ತೆ ಮೆತ್ತಗೆ, ಕುಡಿದರೆ ಸಪ್ಪೆ ಶರಬತ್ತು. ಹೈಡ್ರೋಮೀಟರ್ ಇಟ್ಟುಕೊಳ್ಳಿ, ಅದು ದ್ರವದಲ್ಲಿ ತೇಲಿ ಸಾಂದ್ರತೆ ತೋರಿಸೋ ಕೊಳವೆ; ನೀರಿಗೆ 1.000, ಸಕ್ಕರೆ ಕರಗಿದ್ದರೆ ಹೆಚ್ಚು, ಈಸ್ಟ್ ತಿಂದ ಹಾಗೆ ಇಳಿಯುತ್ತೆ. 1.040 ಇದ್ದದ್ದು 1.036ಕ್ಕೆ ಬಂದರೆ ಲೀಟರಿಗೆ ಸುಮಾರು 4 ಗ್ರಾಂ ಗ್ಯಾಸ್, ಅರ್ಧ ಪರ್ಸೆಂಟ್ ಆಲ್ಕೋಹಾಲ್. ಅಲ್ಲಿಗೆ ನಿಲ್ಲಿಸಿ.

ಸಿಂಧನೂರು: ನಿಮ್ಮ ಮೀಟರ್ 20 ಡಿಗ್ರಿಗೆ ಮಾಡಿದ್ದು. 40 ಡಿಗ್ರಿ ನೀರಿನಾಗ ಅದು 0.006 ಕಡಿಮಿ ತೋರಸ್ತದ. ನೀವು ಹುಡುಕೋ ವ್ಯತ್ಯಾಸಾನೇ 0.004!

ಗಂಗಾವತಿ: ಒಪ್ಪಿದೆ, ಅದನ್ನು ಮೊದಲೇ ಬರೀಬೇಕಿತ್ತು. ಎರಡೂ ಸಲ ಸ್ಯಾಂಪಲ್ಲನ್ನು 20ಕ್ಕೆ ತಣಿಸಿ ಅಳೀರಿ. ಎರಡನೇ ಸಲ ಚಹಾ ಆರಿಸಿದ ಹಾಗೆ ಎರಡು ಲೋಟದಲ್ಲಿ ಹೊಯ್ದಾಡಿಸಿ ಗ್ಯಾಸ್ ಬಿಡಿಸಿ, ಇಲ್ಲಾಂದ್ರೆ ಗುಳ್ಳೆಗಳು ಮೀಟರನ್ನು ಮೇಲಕ್ಕೆತ್ತುತ್ತವೆ.

ಕೌಲ್ ಬಜಾರ್: ಮೀಟರ್ ಇಲ್ಲದವರು? ಹೆಪ್ಪು ಬೇರೆ ಲೋಳೆಲೋಳೆ ಆಗಿದೆ.

ಗವಿಮಠ ರಸ್ತೆ: ಲೋಳೆ ಆದದ್ದು ಚೆಲ್ಲಿ. ಸಕ್ಕರೆಯಿಂದ ಲೋಳೆ ಮಾಡೋ ಬ್ಯಾಕ್ಟೀರಿಯಾ ಸೇರಿದೆ. ಡಬ್ಬಿ ಕುದಿನೀರಲ್ಲಿ ತೊಳೆದು, ಹೊಸ ಹೆಪ್ಪಿಗೆ ಮೊದಲ ದಿನವೇ ಒಂದು ಚಮಚ ನಿಂಬೆರಸ ಹಾಕಿ. 24 ತಾಸಿನ ಮಾತು ವಾಪಸ್ ತಗೊಂಡೆ, ಅದು ಡಿಸೆಂಬರಿಗೆ ಸರಿ.

ಸಿಂಧನೂರು: ಮೀಟರ್ ಇಲ್ಲಂದ್ರ ಬಾಟ್ಲಿ ಅರ್ಧ ತಾಸು ತಣ್ಣೀರಿನಾಗ ಮುಳುಗಿಸಿ ಆಮ್ಯಾಲೆ ಹಿಚುಕ್ರಿ. ತಣ್ಣಗಾದ ಮ್ಯಾಲೂ ಗಟ್ಟಿ ಇದ್ರ ಮಾತ್ರ ತಯಾರು. ಹುದುಗುವಾಗ ಬುಟ್ಟಿಯೊಳಗ ನೀರು ಹಾಕಿ ಬಾಟ್ಲಿಗೆ ಗೋಣಿಚೀಲ ಸುತ್ರಿ, ಒಣ ಹವಾಕ್ಕ ಏಳೆಂಟು ಡಿಗ್ರಿ ಇಳೀತದ.

ಗಂಗಾವತಿ: ನಮ್ಮ ಭತ್ತದ ಗದ್ದೆ ಕಡೆ, ಮಳೆಗಾಲದಲ್ಲಿ ಗೋಣಿಚೀಲ ಕೆಲಸ ಮಾಡಲ್ಲ, ಗಾಳಿಯಲ್ಲೇ ತೇವ. ಇನ್ನೊಂದು: ಫ್ರಿಜ್ಜಲ್ಲಿ ಹುದುಗೋದು ನಿಧಾನ ಆಗುತ್ತೆ, ನಿಲ್ಲಲ್ಲ. ವಾರದೊಳಗೆ ಮುಗಿಸಿ. ಅರ್ಧ ದಿನ ಕರೆಂಟ್ ಹೋದರೆ ಮುಚ್ಚಳ ಸ್ವಲ್ಪ ಸಡಿಲಿಸಿ, ಚಸ್ ಅನ್ನೋ ಸದ್ದು ನಿಂತ ಮೇಲೆ ಮತ್ತೆ ಬಿಗಿ ಮಾಡಿ.