‘ಕಡಿಮೆ ಇಂಗಾಲದ ಇಂಧನ’: ಈ ಹೆಸರು ಸರಿಯಾ?

ಗೆಳೆಯರೇ, ನಮಸ್ಕಾರ.

ಲೋ-ಕಾರ್ಬನ್ ಫ್ಯೂಯಲ್ ಅನ್ನುವುದಕ್ಕೆ ನೀವು ಕನ್ನಡದಲ್ಲಿ ಏನು ಬರೆಯುತ್ತೀರಿ? ಹೆಚ್ಚಾಗಿ ಕಣ್ಣಿಗೆ ಬೀಳುವುದು ‘ಕಡಿಮೆ ಇಂಗಾಲದ ಇಂಧನ’. ಹೈಸ್ಕೂಲು ಮಕ್ಕಳಿಗೆ ಅಂತ ಬರೆದ ಲೇಖನವೊಂದನ್ನು ತಿದ್ದುತ್ತಿದ್ದೇನೆ, ಅದರಲ್ಲೂ ಇದೇ ಇದೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಓದಿದ ತಕ್ಷಣ ಯಾರಿಗಾದರೂ ಅನ್ನಿಸುವುದು, ಆ ಇಂಧನದೊಳಗೆ ಇಂಗಾಲ ಕಡಿಮೆ ಇದೆ ಅಂತ. ವಿಷಯ ಅದಲ್ಲವಲ್ಲ, ತಯಾರಿಯಿಂದ ಸುಡುವವರೆಗೆ ಒಟ್ಟಾರೆ ಗಾಳಿಗೆ ಹೊಸದಾಗಿ ಸೇರುವ ಇಂಗಾಲದ ಡೈಆಕ್ಸೈಡ್ ಕಡಿಮೆ ಅಂತ.

ಎಥನಾಲ್ ತಗೊಳ್ಳಿ. ಒಂದು ಅಣುವಿನಲ್ಲಿ ಎರಡು ಇಂಗಾಲ, ಆರು ಹೈಡ್ರೋಜನ್, ಒಂದು ಆಮ್ಲಜನಕ. ಅಣುತೂಕ 46, ಅದರಲ್ಲಿ ಇಂಗಾಲದ್ದೇ 24. ಅರ್ಧಕ್ಕಿಂತ ಜಾಸ್ತಿ ಆಯ್ತು. ಬಯೋಗ್ಯಾಸನ್ನು ಶುದ್ಧ ಮಾಡಿದರೆ ಸಿಗುವ ಮೀಥೇನ್‌ನಲ್ಲಂತೂ ತೂಕದ ಮುಕ್ಕಾಲು ಪಾಲು ಇಂಗಾಲ. ನೆಲದಡಿಯಿಂದ ಬರುವ ನೈಸರ್ಗಿಕ ಅನಿಲದ ಮೀಥೇನ್‌ನಲ್ಲೂ ಅಷ್ಟೇ, ಯಾಕೆಂದರೆ ಅಣು ಒಂದೇ. ಆದರೂ ಮೊದಲನೆಯದಕ್ಕೆ ಈ ಹೆಸರು ಕೊಡುತ್ತೇವೆ, ಎರಡನೆಯದಕ್ಕೆ ಕೊಡುವುದಿಲ್ಲ. ಗಿಡ ಬೆಳೆಯುವಾಗ ಗಾಳಿಯಿಂದ ಎಳೆದುಕೊಂಡ ಇಂಗಾಲ ಸುಟ್ಟಾಗ ಗಾಳಿಗೇ ವಾಪಸ್ ಹೋಗುತ್ತದೆ, ಸಾಲ ತಂದ ಕಡೆಗೇ ತೀರಿಸಿದ ಹಾಗೆ. ನೆಲದಡಿಯದ್ದು ಕೋಟ್ಯಂತರ ವರ್ಷ ಅಲ್ಲೇ ಹೂತುಹೋಗಿದ್ದದ್ದು. ಅದನ್ನು ತೆಗೆದು ಸುಟ್ಟರೆ ಗಾಳಿಗೆ ಹೊಸದಾಗಿ ಸೇರುತ್ತದೆ.

ಹೈಡ್ರೋಜನ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಇಂಗಾಲದ ಒಂದು ಪರಮಾಣುವೂ ಇಲ್ಲ. ಆದರೆ ಈಗ ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್‌ನ ಬಹುಪಾಲು ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲವನ್ನು ಸುಡುಬಿಸಿಯಾದ ಹಬೆಯ ಜೊತೆ ಸೇರಿಸಿ ತೆಗೆಯುವ ಮಾಮೂಲಿ ವಿಧಾನದಲ್ಲಿ, ಒಂದು ಕೆ.ಜಿ. ಹೈಡ್ರೋಜನ್ ಸಿಗುವಷ್ಟರಲ್ಲಿ ಕಾರ್ಖಾನೆಯಿಂದ 9–10 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿರುತ್ತದೆ. ನೀರನ್ನು ಒಡೆದು ತೆಗೆಯೋಣ ಅಂದರೆ ಕೆ.ಜಿ.ಗೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಆ ಕರೆಂಟ್ ಗಾಳಿ ಅಥವಾ ಬಿಸಿಲಿನದ್ದಾದರೆ ಸರಿ. ಕಲ್ಲಿದ್ದಲಿನದ್ದಾದರೆ ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಡೈಆಕ್ಸೈಡ್, ಗುಣಿಸಿ ನೋಡಿ, ಅನಿಲದಿಂದ ತೆಗೆದದ್ದಕ್ಕಿಂತ ಎಷ್ಟೋ ಪಟ್ಟು ಕೆಟ್ಟದ್ದು. ಇಂಗಾಲವೇ ಇಲ್ಲದ ಅನಿಲ ‘ಕಡಿಮೆ ಇಂಗಾಲ’ದ ಪಟ್ಟಿಗೆ ಸೇರದೆ ಹೋಗಬಹುದು ಅನ್ನುವುದನ್ನು ಈ ಹೆಸರು ಇಟ್ಟುಕೊಂಡು ಒಂಬತ್ತನೇ ಕ್ಲಾಸಿನ ಹುಡುಗಿಗೆ ಹೇಗೆ ವಿವರಿಸುವುದು?

ಹಾಗಾಗಿ ಅಳೆಯುವವರು ಅಣುವಿನೊಳಗೆ ನೋಡುವುದಿಲ್ಲ, ಬುಡದಿಂದ ತುದಿಯವರೆಗೆ ಲೆಕ್ಕ ಹಾಕುತ್ತಾರೆ. ಬೆಳೆಗೆ ಹಾಕಿದ ಗೊಬ್ಬರ, ಸಾಗಾಟ, ಸಂಸ್ಕರಣೆ, ಕೊನೆಗೆ ಸುಡುವುದು, ಎಲ್ಲಾ ಸೇರಿ ಒಂದು ಮೆಗಾಜೂಲ್ ಶಕ್ತಿಗೆ ಎಷ್ಟು ಗ್ರಾಂ ಡೈಆಕ್ಸೈಡ್‌ಗೆ ಸಮ ಅಂತ. ಅಂತರರಾಷ್ಟ್ರೀಯ ವಿಮಾನಯಾನದ ನಿಯಮದಲ್ಲಿ ಮಾಮೂಲಿ ವಿಮಾನ ಇಂಧನಕ್ಕೆ 89 ಗ್ರಾಂ ಅಂತ ಇಟ್ಟುಕೊಂಡಿದ್ದಾರೆ, ಹೊಸ ಇಂಧನಗಳನ್ನು ಅದಕ್ಕೆ ಹೋಲಿಸುತ್ತಾರೆ. ಇಂಧನದ ಬೆಳೆಗಾಗಿ ಎಲ್ಲೋ ಕಾಡು ಕಡಿದಿದ್ದರೆ ಅದೂ ಲೆಕ್ಕಕ್ಕೆ ಬರಬೇಕು. 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಎರಡು ಪ್ರಬಂಧಗಳು ಈ ಮಾತನ್ನು ಎತ್ತಿದ ಮೇಲೆ ಜೈವಿಕ ಇಂಧನದ ಬಗ್ಗೆ ಚರ್ಚೆಯ ದಿಕ್ಕೇ ಬದಲಾಯಿತು.

ನನಗೆ ಹೊಳೆದದ್ದು ‘ಹೊರೆ’. ‘ಕಡಿಮೆ ಇಂಗಾಲಹೊರೆಯ ಇಂಧನ’. ಹೊರೆ ಅಂದರೆ ಒಳಗಿನ ಅಂಶ ಅಲ್ಲ, ದಾರಿಯುದ್ದಕ್ಕೂ ಮೈಮೇಲೆ ಬಂದದ್ದು. ‘ಈ ಹೈಡ್ರೋಜನ್‌ನ ಇಂಗಾಲಹೊರೆ ಎಷ್ಟು?’ ಅಂತ ಕೇಳಿದರೆ ಉತ್ತರ ಗ್ರಾಂ ಲೆಕ್ಕದಲ್ಲೇ ಬರಬೇಕಾಗುತ್ತದೆ, ಅದು ಒಳ್ಳೆಯದು. ‘ಕಡಿಮೆ ಹೊರಸೂಸುವ ಇಂಧನ’ ಅನ್ನುವುದನ್ನೂ ಯೋಚಿಸಿದೆ. ಆದರೆ ಅದು ಎಂಜಿನ್ನಿನ ಹೊಗೆಕೊಳವೆಯನ್ನು ಮಾತ್ರ ತೋರಿಸುತ್ತದೆ, ಕಾರ್ಖಾನೆಯನ್ನೂ ಹೊಲವನ್ನೂ ಬಿಟ್ಟುಬಿಡುತ್ತದೆ. ಅಂದಹಾಗೆ ‘ಇಂಗಾಲ’ ನಮ್ಮ ಹಳೆಯ ‘ಇಂಗಳ’ದ ಬಳಗದ್ದೇ, ಕೆಂಡ ಅನ್ನುವ ಅರ್ಥದ್ದು. ಹಾಗೆಯೇ ಇಲ್ಲಿ ಇಂಗಾಲ ಅನ್ನುವಾಗ ಡೈಆಕ್ಸೈಡ್ ಅಂತ ಒಂದು ಕಡೆ ಬಿಡಿಸಿ ಹೇಳಲೇಬೇಕು. 12 ಟನ್ ಇಂಗಾಲ ಸುಟ್ಟರೆ 44 ಟನ್ ಡೈಆಕ್ಸೈಡ್ ಆಗುತ್ತದೆ, ಯಾವ ಟನ್ ಅಂತ ಹೇಳದಿದ್ದರೆ ಅಂಕಿ ಪೂರ್ತಿ ಎಡವಟ್ಟಾಗುತ್ತದೆ.

ಇನ್ನೊಂದು ತೊಡಕು ‘ಇಂಧನ’ದ್ದೇ. ಸುದ್ದಿಗಳಲ್ಲಿ ‘ಇಂಧನ ಕ್ಷೇತ್ರ’ ಅಂದರೆ ಕರೆಂಟೂ ಸೇರಿತು. ಆದರೆ ಬಿಸಿಲಿನ ಕರೆಂಟ್ ಇಂಧನ ಅಲ್ಲ, ಅಲ್ವಾ? ಇದು ಸುಮ್ನೆ ವ್ಯಾಕರಣದ ಜಗಳ ಅಲ್ಲ. ಕಡಿಮೆ ಇಂಗಾಲಹೊರೆಯ ಇಂಧನಗಳಿಗೆ ಕೆಲಸ ಇರುವುದೇ ಕರೆಂಟ್ ನೇರವಾಗಿ ಮುಟ್ಟಲು ಕಷ್ಟವಾಗುವ ಕಡೆ. ವಿಮಾನದ ಇಂಧನ ಕೆ.ಜಿ.ಗೆ ಸುಮಾರು 43 ಮೆಗಾಜೂಲ್ ಶಕ್ತಿ ಹೊತ್ತಿರುತ್ತದೆ, ಲಿಥಿಯಂ ಬ್ಯಾಟರಿ ಒಂದು ಮೆಗಾಜೂಲ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾಗರ ದಾಟುವ ವಿಮಾನಕ್ಕೆ ಆ ತೂಕ ಆಗದು. ಅದಕ್ಕೇ ಯುರೋಪಿನ ಒಕ್ಕೂಟ ತನ್ನ ವಿಮಾನ ನಿಲ್ದಾಣಗಳಲ್ಲಿ ತುಂಬುವ ಇಂಧನದಲ್ಲಿ ಇಂಥ ಕಡಿಮೆ ಹೊರೆಯದ್ದು 2025ಕ್ಕೆ 2%, 2050ಕ್ಕೆ 70% ಇರಬೇಕು ಅಂತ ಕಾನೂನು ಮಾಡಿದೆ. ದೂರ ಹೋಗುವ ಹಡಗುಗಳಿಗೆ ಮೆಥನಾಲ್, ಅಮೋನಿಯ ಅಂತ ನೋಡುತ್ತಿದ್ದಾರೆ. ಕಾರಿಗಾದರೆ ಕರೆಂಟನ್ನು ನೇರವಾಗಿ ಬ್ಯಾಟರಿಗೆ ತುಂಬುವುದೇ ಲಾಭ. ಅದೇ ಕರೆಂಟಿನಿಂದ ಹೈಡ್ರೋಜನ್ ಮಾಡಿ ಮತ್ತೆ ಕರೆಂಟಿಗೆ ತಿರುಗಿಸಿದರೆ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಎರಡಕ್ಕೂ ‘ಇಂಧನ’ ಅಂದುಬಿಟ್ಟರೆ ಈ ವ್ಯತ್ಯಾಸವನ್ನು ಹೇಳಲು ಭಾಷೆಯೇ ಉಳಿಯುವುದಿಲ್ಲ. ಸುಡುವುದಕ್ಕೆ ಇಂಧನ, ಒಟ್ಟಾರೆಗೆ ಶಕ್ತಿ ಅಂತ ಗಟ್ಟಿಯಾಗಿ ಹಿಡಿದುಕೊಳ್ಳೋಣ ಅನ್ನುತ್ತೇನೆ. ‘ಉರುವಲು’ ಚೆಂದದ ಪದ, ಆದರೆ ಓದುಗರ ಕಣ್ಣ ಮುಂದೆ ಸೌದೆ ಬಂದು ನಿಲ್ಲುತ್ತದೆ.

ಎನರ್ಜಿ ಟ್ರಾನ್ಸಿಶನ್‌ಗೆ ‘ಶಕ್ತಿ ಪರಿವರ್ತನೆ’ ಬೇಡವೇ ಬೇಡ. ವಿಜ್ಞಾನದ ಪಾಠದಲ್ಲಿ ಅದಕ್ಕೆ ಆಗಲೇ ಬೇರೆ ಅರ್ಥ ಇದೆ, ಬಲ್ಬು ಕರೆಂಟನ್ನು ಬೆಳಕು ಮಾಡುವುದೂ ಶಕ್ತಿ ಪರಿವರ್ತನೆಯೇ. ‘ಶುದ್ಧ ಶಕ್ತಿಯತ್ತ ಹೊರಳುವುದು’ ಅಂತ ಬಿಡಿಸಿ ಬರೆದರೆ ಸಾಕು.

ಕೊನೆಗೆ ಒಂದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ನೈಸರ್ಗಿಕ ಅನಿಲದಿಂದ ಓಡುವ ಹಡಗಿನ ಎಂಜಿನ್ನಿನಲ್ಲಿ ಒಂದಷ್ಟು ಮೀಥೇನ್ ಉರಿಯದೆ ಹಾಗೇ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಡೈಆಕ್ಸೈಡ್‌ಗಿಂತ ಮೂವತ್ತು ಪಟ್ಟಿನ ಹತ್ತಿರ ಬಿಸಿ ಹಿಡಿಯುತ್ತದೆ. ‘ಸೋರಿಕೆ’ ಅಂದರೆ ಪೈಪು ತೂತಾಗಿದೆ ಅಂದುಕೊಳ್ಳುತ್ತಾರೆ. ‘ಉರಿಯದೆ ಜಾರಿದ ಮೀಥೇನ್’ ಅಂದರೆ ನಡೆದೀತಾ? ಎಂಜಿನ್ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ, ಜೊತೆಯವರ ಹತ್ತಿರ ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನಂತೀರಿ ಅಂತ ತಿಳಿಸಿ.